ಉಗ್ಗು ಮೊದಲೋ, ಆತಂಕ ಮೊದಲೋ

ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಯಲ್ಲಾಪುರದ ಬಸ್ಸು ಶಿರಸಿ ನಿಲ್ದಾಣದಿಂದ ಹೊರಟಿತು. ಜಯಾ ಅದನ್ನು ಹತ್ತಲಿಲ್ಲ.

ಅದು 2002ರ ಜುಲೈ ತಿಂಗಳ ಒಂದು ಶನಿವಾರ. ಹೆಗ್ಗರಣೆಯಿಂದ ಮೊದಲ ಬಸ್ಸಿಗೆ ಹೊರಟಾಗ ಅವಳ ಯೋಚನೆ ಬೇರೆಯೇ ಇತ್ತು. ಒಂಬತ್ತು ವರ್ಷದ ಮಗಳು ಅಭಿಜ್ಞಾಳನ್ನು ಯಲ್ಲಾಪುರ ದಾರಿಯ ಮಂಚಿಕೇರಿಯಲ್ಲಿ ತಂಗಿ ನೀಲಾಳ ಮನೆಗೆ ಬಿಡುವುದು, ಅಲ್ಲಿಯ ಶಾಲೆಗೆ ಸೇರಿಸುವುದು, ತಾನೊಬ್ಬಳೇ ವಾಪಸಾಗುವುದು. ಚೀಲದಲ್ಲಿ ಮಗಳ ಬಟ್ಟೆ, ಶಾಲೆಯ ವರ್ಗಾವಣೆ ಪತ್ರ, ನೀಲಾಳಿಗೆಂದು ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದವು.

ಅಭಿಜ್ಞಾಳಿಗೆ ಮಾತಾಡುವಾಗ ಉಗ್ಗು. ಹಿಂದಿನ ತಿಂಗಳು ಶಾಲೆಯಲ್ಲಿ ತಾಯಂದಿರ ಸಭೆ ನಡೆದಿತ್ತು. ಶಿರಸಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವ ಮಧುರಾ ಎಂಬ ಹುಡುಗಿ ಬಂದು ಮಾತಾಡಿದ್ದಳು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನ ಶಾಲೆಗಳಲ್ಲಿ ಅವಳು ಸಮೀಕ್ಷೆ ಮಾಡಿದ್ದಳು. ತಾಯಿಯ ಆತಂಕ ಹೆಚ್ಚಿದ್ದ ಕಡೆ ಮಗುವಿನ ಉಗ್ಗೂ ಹೆಚ್ಚಿದೆ ಎಂಬುದು ಅವಳಿಗೆ ಕಂಡುಬಂದ ಸಂಗತಿ. ವಂದನೆ ಹೇಳಲು ಎದ್ದ ಹೆಡ್‌ಮಾಸ್ತರ ನಾಗಪತಿಯವರು, ತಾಯಂದಿರು ಚಿಂತೆ ಬಿಟ್ಟರೆ ಮಕ್ಕಳ ಉಗ್ಗು ತಾನಾಗಿ ಬಿಡುತ್ತದೆ ಎಂದು ಒಂದು ವಾಕ್ಯ ಸೇರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಜಯಾಳಿಗೆ ಚಿಂತೆ ಬಿಡುವುದು ಹೇಗೆಂದು ಗೊತ್ತಾಗಲಿಲ್ಲ. ಮಗಳ ಹತ್ತಿರ ಮಾತು ಕಡಿಮೆ ಮಾಡಿದಳು. ಊಟಕ್ಕೆ ಕರೆಯುವುದಕ್ಕೂ ಗಂಡ ಕಮಲಾಕರನನ್ನೇ ಕಳಿಸತೊಡಗಿದಳು. ಕೊನೆಗೆ, ತನ್ನಿಂದ ದೂರ ಇಟ್ಟರೆ ಕೂಸು ಸುಧಾರಿಸಬಹುದು ಎಂದು ನಿರ್ಧರಿಸಿದಳು. ಕಮಲಾಕರನಿಗೆ ಅದು ಸರಿಬರಲಿಲ್ಲ.

"ಹನ್ನೆರಡು ವರ್ಷ ನಾ ನಿನ್ನ ಜೊತಿಗೇ ಇದ್ದಿ," ಎಂದ. "ನಂಗೆಂತಕ್ಕೆ ಉಗ್ಗು ಬೈಂದಿಲ್ಲೆ?"

ಜಯಾ ಮಗಳ ಬಟ್ಟೆ ಮಡಚಿದಳು.

ಶಿರಸಿಯಲ್ಲಿ ಬಸ್ಸು ಬದಲಿಸಲು ಒಂದು ತಾಸಿನ ಬಿಡುವಿತ್ತು. ನಿಲ್ದಾಣದ ಹಿಂದಿನ ಓಣಿಯಲ್ಲಿ ಮಧುರಾಳ ಬಾಡಿಗೆ ಕೋಣೆ ಇತ್ತು. ಮಗಳನ್ನು ಜಗುಲಿಯಲ್ಲಿ ಕೂರಿಸಿ ಜಯಾ ಒಳಗೆ ಹೋದಳು. ಅವಳಿಗೆ ಕೇಳಬೇಕಾಗಿದ್ದುದು ಒಂದೇ ಪ್ರಶ್ನೆ.

"ಮೇಡಂ, ಕೂಸಿನ ಎಷ್ಟು ತಿಂಗಳು ದೂರ ಇಡವು?"

"ಯಾರಿಂದ?"

"ನನ್ನಿಂದ."

ಮಧುರಾ ಕುರ್ಚಿ ಎಳೆದು ಕೂರಿಸಿ, ತನ್ನ ಸಮೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ವಿವರಿಸಿದಳು. ಎರಡು ಸಂಗತಿಗಳು ಒಟ್ಟಿಗೆ ಏರುತ್ತವೆಯೇ, ಇಳಿಯುತ್ತವೆಯೇ ಎಂದು ಅಳೆಯುವ ವಿಧಾನ ಅದು, ಹೆಸರು ಸಹಸಂಬಂಧ. ಯಾವುದರಿಂದ ಯಾವುದು ಬಂತು ಎಂದು ಅದು ತೋರಿಸುವುದಿಲ್ಲ. ಎರಡಕ್ಕೂ ಮೂರನೆಯದೇ ಕಾರಣ ಇರಬಹುದು. ಜಯಾ ತಲೆಯಾಡಿಸಿದಳು, ಆದರೆ ಮುಖ ಬದಲಾಗಲಿಲ್ಲ. ಮಧುರಾ ಪುಸ್ತಕದ ಭಾಷೆ ಬಿಟ್ಟಳು.

"ಅಕ್ಕಾ, ಶೀತ ಜಾಸ್ತಿ ಇದ್ದ ಮನೇಲಿ ಕಷಾಯವೂ ಜಾಸ್ತಿ ಕುದಿತು. ಕಷಾಯದಿಂದ ಶೀತ ಬಂತು ಹೇಳಿ ಯಾರಾದ್ರೂ ಒಲೆ ಆರಿಸ್ತ್ವ?"

ಜಯಾ ನೆಟ್ಟಗೆ ಕೂತಳು. ಅಭಿಜ್ಞಾ ಮೂರು ವರ್ಷದವಳಿದ್ದಾಗ ಮೊದಲ ಸಲ ಉಗ್ಗಿದ್ದು, ಅಲ್ಲಿಯವರೆಗೆ ತಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದದ್ದು, ನಿದ್ದೆ ಕೆಟ್ಟದ್ದು ಆಮೇಲೆಯೇ ಎಂಬುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಹಂಗಾರೆ ನನ್ನಿಂದ ಅಲ್ದ?"

"ಗೊತ್ತಿಲ್ಲೆ. ನನ್ನ ಲೆಕ್ಕದಲ್ಲಿ ಅದು ಗೊತ್ತಾಗ್ತಿಲ್ಲೆ," ಎಂದಳು ಮಧುರಾ. "ಆದ್ರೆ ನಿನ್ನಿಂದಲೇ ಹೇಳಿ ಹೇಳಲೂ ಯಾರಿಗೂ ಬತ್ತಿಲ್ಲೆ."

ನೆನಪು ಕೂಡ ಪುರಾವೆಯಾಗುವುದಿಲ್ಲ, ಅದಕ್ಕೆ ಮಕ್ಕಳನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಗಮನಿಸಬೇಕು, ತಾನು ಕೇಳಿದ್ದು ಆ ಹೊತ್ತಿನ ಸ್ಥಿತಿಯನ್ನು ಮಾತ್ರ ಎಂದೂ ಅವಳು ಹೇಳಿದಳು. ಹುಬ್ಬಳ್ಳಿಯಲ್ಲಿ ಮಾತಿನ ತರಬೇತಿ ಕೊಡುವವರೊಬ್ಬರ ವಿಳಾಸ ಕೊಟ್ಟಳು. ಮುಂದಿನ ಸಭೆಗೂ ಬಂದು ಇದನ್ನು ಎಲ್ಲರೆದುರು ಬಿಡಿಸಿ ಹೇಳುವುದಾಗಿ ಮಾತು ಕೊಟ್ಟಳು.

ಎಷ್ಟು ತಿಂಗಳು ಎಂದು ಕೇಳಲು ಬಂದಿದ್ದ ಜಯಾಳಿಗೆ ಸಿಕ್ಕಿದ್ದು ಗೊತ್ತಿಲ್ಲ ಎಂಬ ಮಾತು. ಅಷ್ಟಕ್ಕೇ ಎದೆ ಹಗುರಾಯಿತು. ಒಂದು ತಿಂಗಳಿನಿಂದ ತನ್ನ ಮೇಲೆ ತಾನೇ ಹೊರಿಸಿಕೊಂಡಿದ್ದ ಅಪವಾದಕ್ಕೆ ಆಧಾರವಿಲ್ಲ ಎಂದು ಅಳತೆ ಮಾಡಿದವಳೇ ಹೇಳಿದ್ದಳು. ಬೇಕಿದ್ದರೆ ಅವಳು ಸಮಾಧಾನಕ್ಕೆ ಒಂದು ಸುಳ್ಳು ಹೇಳಿ ಕಳಿಸಬಹುದಿತ್ತು; ಹಾಗೆ ಮಾಡಲಿಲ್ಲ. ಜಯಾ ಉಪ್ಪಿನಕಾಯಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಯಾರಿಗೋ ತಂದಿದ್ದಿರಬೇಕಲ್ಲ ಎಂದು ಮಧುರಾ ಹಿಂಜರಿದಳು.

"ನೀಲಂಗೆ ಬಸ್ಸು ತಪ್ಪಿತು ಹೇಳಿ ಹೇಳ್ತೆ," ಎಂದಳು ಜಯಾ. "ಇಟ್ಕೋ ತಂಗೀ."

ತಾಯಿ ಮಗಳು ನಿಲ್ದಾಣಕ್ಕೆ ಬಂದಾಗ ಬಸ್ಸು ಇನ್ನೂ ನಿಂತಿತ್ತು. ಜಯಾ ಮಗಳ ಕೈ ಹಿಡಿದು ಕಲ್ಲಿನ ಬೆಂಚಿನ ಮೇಲೆ ಕೂತಳು. ಬಸ್ಸು ಹೊರಟಿತು.

"ಆಯೀ, ಬ... ಬ... ಬಸ್ಸು ಹೋತು."

ಜಯಾ ಪದ ಎತ್ತಿಕೊಡಲಿಲ್ಲ, ಮುಖ ತಿರುಗಿಸಲೂ ಇಲ್ಲ. ಮಾತು ಮುಗಿಯುವವರೆಗೂ ಮಗಳ ಮುಖವನ್ನೇ ನೋಡುತ್ತಿದ್ದಳು.

"ಹೋಗ್ಲಿ," ಎಂದಳು. "ನಂಗ್ಳ ಬಸ್ಸು ಬೇರೆ ಇದ್ದು."

ಸೋಮವಾರ ಬೆಳಗ್ಗೆ ಜಯಾ ವರ್ಗಾವಣೆ ಪತ್ರವನ್ನು ನಾಗಪತಿ ಮಾಸ್ತರರಿಗೆ ವಾಪಸು ಕೊಟ್ಟಳು. ಅಭಿಜ್ಞಾ ನಾಲ್ಕನೇ ತರಗತಿಯನ್ನು ಹೆಗ್ಗರಣೆಯಲ್ಲೇ ಮುಗಿಸಿದಳು.