ಬಚ್ಚ ಮಾಸ್ಟ್ರ ಎಲೆ ಜೇಬು

ನಾಲ್ಕು ಹಳೆಯ ವಾಸ್ಕೋಟುಗಳನ್ನು ಮೇಜಿನ ಮೇಲೆ ಹರಡಿ ಮುಕ್ಕಾಲು ಗಂಟೆಯಾಗಿತ್ತು. ಶೇಖರನಿಗೆ ಪಿತ್ತ ನೆತ್ತಿಗೇರಿತ್ತು. ಸಾಲಿಗ್ರಾಮದಲ್ಲಿ ನಲವತ್ತು ವರ್ಷಕ್ಕೂ ಮೇಲೆ ಟೈಲರಾಗಿದ್ದವನು. ಬಟ್ಟೆ ಮುಟ್ಟಿದರೆ ಸಾಕು, ಯಾರ ಕೈಯೆಂದು ಹೇಳಬಲ್ಲೆ ಎಂಬ ಜಂಬ ಬೇರೆ. ಹೇಳಿದ್ದೇನೋ ಹೇಳಿಯಾಯಿತು. ಈಗ ತೋರಿಸು ಎಂದರೆ ತೋರಿಸಲು ಏನೂ ಸಿಗುತ್ತಿಲ್ಲ.

ಕುಂದಾಪುರದ ಕಾಲೇಜೊಂದರಲ್ಲಿ ಹಳೆಯ ಉಡುಪುಗಳ ಪ್ರದರ್ಶನ. ಅಲ್ಲಿ ಪಾಠ ಮಾಡುವ ಕ್ಷಮಾ ಎಂಬ ಹುಡುಗಿ ವಂಡ್ಸೆ, ಕೊಕ್ಕರ್ಣೆ ಎಂದು ಮನೆ ಮನೆ ತಿರುಗಿ, ಅಜ್ಜಂದಿರ ಪೆಟ್ಟಿಗೆ ತೆಗೆಸಿ ಇವನ್ನು ತಂದಿದ್ದಳು. ಮನೆಯವರೆಲ್ಲರದೂ ಒಂದೇ ಮಾತು: ನಮ್ಮಜ್ಜ ಬೊಂಬಾಯಿಂದ ತರಿಸಿದ್ದು. ಹೇಗೂ ನಮ್ಮೂರಲ್ಲಿ ಚೆನ್ನಾಗಿರುವುದೆಲ್ಲ ಬೊಂಬಾಯಿಯದ್ದೇ. ಹಿತ್ತಲ ಗಿಡ ಮದ್ದಲ್ಲ.

"ಬೊಂಬಾಯಿಯೂ ಅಲ್ಲ, ಮಣ್ಣೂ ಅಲ್ಲ," ಎಂದಿದ್ದ ಶೇಖರ. "ಇದ್ ನಮ್ ಬಚ್ಚ ಮಾಸ್ಟ್ರ್ ಹೊಲ್ದದ್ದ್. ನಾನ್ ಅವ್ರ್ ಹತ್ರವೇ ಕೆಲ್ಸ ಕಲ್ತದ್ದ್."

"ಇಪ್ಪುಕೂ ಸಾಕ್ ಶೇಖರಣ್ಣ. ಆರೆ ಪ್ರದರ್ಶನದ ಚೀಟಿ ಮೇಲೆ ಹೆಸ್ರ್ ಬರಿಯೂಕೆ ಗುರ್ತ್ ಒಂದ್ ಬೇಕಲ್ದಾ," ಎಂದಿದ್ದಳು ಕ್ಷಮಾ.

ಬಾಗಿಲ ಬಳಿಯ ಬೆಂಚಿನ ಮೇಲೆ ವನಜಕ್ಕ ಕೂತಿದ್ದಳು. ಬಚ್ಚ ಮಾಸ್ಟ್ರ ಮಗಳು, ಎಪ್ಪತ್ತಾರು ವರ್ಷ. ಶೇಖರನ ಜೊತೆ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದಳು. ಅಪ್ಪನದೆಂದು ಒಂದು ಫೋಟೋ ಇಲ್ಲ. ಅಂಗಡಿಯಿದ್ದ ಜಾಗ ರಸ್ತೆ ಅಗಲವಾಗುವಾಗ ಹೋಯಿತು. ಈ ಚೀಟಿಯ ಮೇಲೆ ಅವರ ಹೆಸರು ಬಂದರೆ ಅದೊಂದೇ ಉಳಿಯುವುದು. ಅದಕ್ಕೇ ಬಂದಿದ್ದಳು, ಅದನ್ನು ಅಡಗಿಸಿಯೂ ಇರಲಿಲ್ಲ.

ಶೇಖರ ಗಡಿಯಾರದ ಪುಟ್ಟ ಜೇಬು ನೋಡಿದ. ಅದರ ಸರಪಳಿ ತೂರಿಸುವ ಕಾಜ ನೋಡಿದ. ಬೆನ್ನಿನ ಪಟ್ಟಿ ಎಳೆದು ನೋಡಿದ. ಇವೆಲ್ಲ ಬೊಂಬಾಯಿ ವಾಸ್ಕೋಟಿಗೂ ಇರುತ್ತವೆ, ಏನು ಪ್ರಯೋಜನ? ಬಚ್ಚ ಮಾಸ್ಟ್ರದ್ದೇ ಆದದ್ದು ಒಂದೇ, ಎಲೆ ಜೇಬು. ನಮ್ಮ ಕಡೆಯ ಯಜಮಾನರುಗಳಿಗೆ ವೀಳ್ಯವಿಲ್ಲದೆ ಹೊತ್ತು ಹೋಗದು, ಕೋಟು ಹಾಕಿ ಸಭೆಗೆ ಹೋದಲ್ಲಿ ಎಲೆ ಸಂಚಿ ಬಿಚ್ಚಲು ನಾಚಿಕೆ. ಅದಕ್ಕೆ ಮಾಸ್ಟ್ರು ಎಡ ಕಂಕುಳಿನ ಕೆಳಗೆ, ಲೈನಿಂಗಿಗೆ ಮೇಣಬಟ್ಟೆ ಕೊಟ್ಟು, ಓರೆ ಬಾಯಿಯ ಜೇಬೊಂದನ್ನು ಇಡುತ್ತಿದ್ದರು. ಎರಡು ಎಲೆ, ಒಂದು ಹೋಳು ಅಡಿಕೆ, ಸುಣ್ಣದ ಡಬ್ಬಿ ಹಿಡಿಯುವಷ್ಟು. ಬೊಂಬಾಯಿಯ ಯಾವ ಟೈಲರು ಇದನ್ನು ಮಾಡಿಯಾನು?

ಮೊದಲನೆಯದರ ಎಡ ಕಂಕುಳಿಗೆ ಕೈ ಹಾಕಿದ. ಸಪಾಟು. ಎರಡನೆಯದೂ ಸಪಾಟು. ಮೂರು, ನಾಲ್ಕು, ಎಲ್ಲಿಯೂ ಇಲ್ಲ. ಹಾಳಾಗಿ ಹೋಗಲಿ ಎಂದು ಗೊಣಗುತ್ತ ಲೈನಿಂಗಿನ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದ. ಸಣ್ಣ, ಒತ್ತಾದ ಹೊಲಿಗೆ. ಮುಗಿಯುವಲ್ಲಿ ಮೂರು ಸಲ ಹಿಂದಕ್ಕೆ ಹೋಗಿ ನಿಂತದ್ದು. ಯಾರ ಕೈಯೆಂದು ಗೊತ್ತಾಗಲು ಎರಡನೇ ಸಲ ನೋಡಬೇಕಾಗಲಿಲ್ಲ. ತನ್ನದೇ ಕೈ.

ಆಗ ನೆನಪಾಯಿತು. ಬೊಂಬಾಯಿಯಲ್ಲಿ ಮೂರು ವರ್ಷ ಕೋಟಿನ ಕಟಿಂಗ್ ಕಲಿತು ಬಂದ ಹೊಸತು. ಮಾಸ್ಟ್ರು ತೀರಿಕೊಂಡಿದ್ದರು. ಲೈನಿಂಗ್ ಹರಿದ ವಾಸ್ಕೋಟುಗಳನ್ನೆಲ್ಲ ಜನ ಇವನಲ್ಲಿಗೆ ತರುತ್ತಿದ್ದರು. ಒಳಗೆ ಅಂಟಂಟು ಮೇಣಬಟ್ಟೆ, ಎಲೆಯ ಕಲೆ. ಥೂ, ಇದೆಂಥ ಹಳ್ಳಿ ಕೆಲಸ ಎಂದು ಜೇಬನ್ನು ಕಿತ್ತೆಸೆದು, ಹೊಸ ಲೈನಿಂಗ್ ಹಾಕಿ, ಇಸ್ತ್ರಿ ಹೊಡೆದು ಕೊಟ್ಟಿದ್ದ. ಒಂದಲ್ಲ ಎರಡಲ್ಲ, ಬಂದದ್ದಕ್ಕೆಲ್ಲ ಹಾಗೆಯೇ ಮಾಡಿದ್ದ, ಅಧಿಕಪ್ರಸಂಗಿ. ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ.

ಕ್ಷಮಾ ಫೋನು ಬಂತೆಂದು ಹೊರಗೆ ಹೋದಳು. ಸೂಜಿ ದಾರ ಶೇಖರನ ಚೀಲದಲ್ಲೇ ಇತ್ತು. ಜೇಬೊಂದನ್ನು ಈಗ ಹೊಲಿದಿಟ್ಟರೆ ಯಾರಿಗೆ ತಿಳಿಯಬೇಕು? ಲೈನಿಂಗ್ ಬಿಚ್ಚಲು ಹೊರಟವನು ಹಾಗೆಯೇ ನಿಂತ. ಕಲಿಸಿದವರ ಹೆಸರಿಗೆ ಕಳ್ಳ ಕೆಲಸ ಮಾಡಲು ಕೈ ಬರಲಿಲ್ಲ. ತನ್ನ ಮೇಲೆ ತನಗೇ ಬಂದ ಸಿಟ್ಟಿನಲ್ಲಿ ಚೀಲವನ್ನು ಮೇಜಿನ ಕೆಳಗೆ ತಳ್ಳಿದ.

"ಮಾಸ್ಟ್ರ್ ಇಟ್ಟ ಎಲೆ ಜೇಬ್ ಇದ್ರಲ್ಲಿ ಇದ್ದಿತ್," ಎಂದ, ಕ್ಷಮಾ ಒಳಗೆ ಬಂದ ಮೇಲೆ. "ಕಿತ್ ಬಿಸಾಡದ್ದ್ ನಾನೇ. ನಾಲ್ಕರದ್ದೂ."

"ಒಂದಾರೂ ಬಿಡೂಕಾಗ್ದಾ ಶೇಖರಣ್ಣ?" ಕ್ಷಮಾ ಖಾಲಿ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನೀವ್ ಹೇಳದ್ದ್ ನಾನ್ ನಂಬ್ತೆ. ಆರೆ ಇಲ್ದಿದ್ದದ್ದನ್ನ ಹ್ಯಾಂಗೆ ಬರಿಯೂದ್?"

ಇದ್ದದ್ದನ್ನು ಬರೆದಳು. ಅವಳಾದರೂ ಏನು ಮಾಡಿಯಾಳು?

ವನಜಕ್ಕ ಮೊಣಕಾಲು ಹಿಡಿದುಕೊಂಡು ಎದ್ದು ಬಂದಳು. ಬಾಗಿಲಿನಿಂದ ಅವಳಿಗೆ ಮಾತು ಸರಿಯಾಗಿ ಕೇಳಿಸಿರಲಿಲ್ಲ. "ಎಂತ ಬರ್ದಿರ್, ಓದ್ ಕಾಂಬ," ಎಂದಳು.

ಶೇಖರ ಓದಿದ. "ಹೊಲಿದವರು ಯಾರೆಂದು ತಿಳಿದಿಲ್ಲ. ರಿಪೇರಿ ಮಾಡಿದವರು, ಶೇಖರ, ಸಾಲಿಗ್ರಾಮ." ಆಮೇಲೆ ಜೇಬಿನ ಕತೆಯನ್ನೂ ಹೇಳಿದ, ಒಂದನ್ನೂ ಮುಚ್ಚಿಡದೆ. ಬೈಯಲಿ ಎಂದು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ವನಜಕ್ಕ ವಾಸ್ಕೋಟೊಂದನ್ನು ಒಳಮೈ ಮೇಲಾಗಿ ತಿರುಗಿಸಿ ಎಡ ಕಂಕುಳಿನಲ್ಲಿ ಬೆರಳಾಡಿಸಿದಳು. ಮೇಲಿಂದ ಕೆಳಕ್ಕೆ, ಮತ್ತೊಮ್ಮೆ ಮೇಲಿಂದ ಕೆಳಕ್ಕೆ.

"ಚಂದ ಹೊಲ್ದಿದ್ದೆ ನೀನ್, ಶೇಖರ," ಎಂದಳು. "ಎಲ್ಲಿದ್ದಿತ್ ಅಂದೇಳಿಯೂ ಗೊತ್ತಾತಿಲ್ಲ. ಅಪ್ಪಯ್ಯ ಕಲ್ಸದ್ದ್ ಅಲ್ದಾ."