ಅಭ್ಯರ್ಥಿಯ ಪರಿಚಯ ಎಷ್ಟು ವರ್ಷದ್ದು

ಅಮ್ಮ ನಲವತ್ತನಾಲ್ಕನೇ ವಯಸ್ಸಿನಲ್ಲಿ ವಿಶ್ವವಿದ್ಯಾಲಯ ಸೇರಿದಾಗ ಮಗಳು ಅಲ್ಲೇ ಪದವಿಯ ಮೂರನೇ ವರ್ಷದಲ್ಲಿದ್ದಳು. ಅಮ್ಮನದು ಹೊಲಿಗೆ ಕೆಲಸ. ಬೆಳಿಗ್ಗೆ ಇತಿಹಾಸದ ತರಗತಿ, ಮಧ್ಯಾಹ್ನದ ಮೇಲೆ ಶಾಲಾ ಸಮವಸ್ತ್ರಗಳು. ಮೊದಲ ದಿನವೇ ಇಬ್ಬರಲ್ಲೂ ಒಂದು ಒಪ್ಪಂದವಾಗಿತ್ತು: ಗೇಟಿನೊಳಗೆ ಕಾಲಿಟ್ಟ ಮೇಲೆ ಪರಸ್ಪರ ಪರಿಚಯವಿಲ್ಲ. ಒಂದೇ ಬಸ್ಸಿನಿಂದ ಒಬ್ಬರ ಹಿಂದೊಬ್ಬರು ಇಳಿದು ಬೇರೆ ಬೇರೆ ಮೆಟ್ಟಿಲು ಹತ್ತುತ್ತಿದ್ದರು. ಎರಡು ತಿಂಗಳು ಇದು ಸುಸೂತ್ರವಾಗಿ ನಡೆಯಿತು.

ಆಮೇಲೆ ಚುನಾವಣೆ ಬಂತು. ಪದವಿ ವಿದ್ಯಾರ್ಥಿಗಳ ಪ್ರತಿನಿಧಿ ಸ್ಥಾನಕ್ಕೆ ಮಗಳು ನಿಂತಳು. ಗ್ರಂಥಾಲಯ ರಾತ್ರಿ ಹತ್ತರವರೆಗೆ ತೆರೆದಿರಬೇಕು ಎಂದು ಅವಳು ಸಭಾಂಗಣದಲ್ಲಿ ಭಾಷಣ ಮಾಡಿದಾಗ ಚಪ್ಪಾಳೆ ಬಿತ್ತು. ಹಿಂದೆ ಗೋಡೆಗೊರಗಿ ನಿಂತಿದ್ದ ಅಮ್ಮ ಕೈ ಎತ್ತಿದಳು.

"ಹತ್ತರವರೆಗೂ ನಿಂತ್ಕೊಂಡೇ ಓದ್ಬೇಕಾ? ಅಲ್ಲಿ ಕುರ್ಚಿನೇ ಇಲ್ವಲ್ಲ."

ಇದಕ್ಕೆ ಇನ್ನೂ ಹೆಚ್ಚು ಚಪ್ಪಾಳೆ ಬಿತ್ತು.

"ಸುಮ್ನೆ ಕೂತ್ಕೊಳ್ಳೋಕೆ ಏನಾಗಿತ್ತು ನಿಂಗೆ?" ಮನೆಗೆ ಬಂದ ಮೇಲೆ ಮಗಳು ಕೇಳಿದಳು.

"ಎಲ್ಲಿ ಕೂತ್ಕೊಳ್ಲಿ? ಸಭಾಂಗಣದಲ್ಲೂ ಕುರ್ಚಿ ಸಾಲ್ಲಿಲ್ಲ."

ಮೊದಲ ವರ್ಷದವರು ಅಮ್ಮನನ್ನು ಸುತ್ತುವರಿದು, ನೀವೂ ನಿಲ್ಲಿ ಅಂದರು. ಅವಳು ಒಂದು ದಿನ ಬೇಡ ಅಂದಳು, ಎರಡನೇ ದಿನ ನೋಡೋಣ ಅಂದಳು, ಮೂರನೇ ದಿನ ನಾಮಪತ್ರ ತಂದಳು. ಅದರ ಕೊನೆಯಲ್ಲಿ ಒಂದು ನಿಯಮವಿತ್ತು: ಅಭ್ಯರ್ಥಿಯನ್ನು ಕನಿಷ್ಠ ಒಂದು ವರ್ಷದಿಂದ ಬಲ್ಲ ಹಿರಿಯ ವಿದ್ಯಾರ್ಥಿಯೊಬ್ಬರು ಸೂಚಕರಾಗಿ ಸಹಿ ಹಾಕಬೇಕು. ಅಂಥವರು ಇಡೀ ವಿಶ್ವವಿದ್ಯಾಲಯದಲ್ಲಿ ಒಬ್ಬಳೇ ಇದ್ದಳು.

ಅಮ್ಮ ನಾಮಪತ್ರವನ್ನು ಊಟದ ಮೇಜಿನ ಮೇಲಿಟ್ಟು, ಹೊಲಿಗೆ ಯಂತ್ರದ ಮುಂದೆ ಕುಳಿತಳು. ಮಗಳು ಓದಿದಳು. ಮುದ್ರಣಾಲಯದಲ್ಲಿ ಕರಡು ತಿದ್ದುವ ಅಪ್ಪನೂ ಓದಿ, ಒಂದು ಕಾಗುಣಿತದ ತಪ್ಪು ತೋರಿಸಿದ.

"ನಾನು ಸಹಿ ಹಾಕ್ದೆ ಇದ್ರೆ?"

"ಹಾಕ್ಬೇಡ," ಅಮ್ಮ ಸೂಜಿಗೆ ದಾರ ಪೋಣಿಸುತ್ತ ಅಂದಳು. "ನಂಗೇನೂ ಬೇಜಾರಿಲ್ಲ."

ಆ ಧ್ವನಿಯನ್ನು ಮಗಳು ಬಲ್ಲಳು. ಅದು ಕನಿಷ್ಠ ಆರು ತಿಂಗಳು ಇರುವ ಬೇಜಾರು. ಮರುದಿನ ಚುನಾವಣಾ ಕೊಠಡಿಗೆ ಹೋಗಿ ಸಹಿ ಹಾಕಿದಳು.

"ಅಭ್ಯರ್ಥಿಯ ಪರಿಚಯ ಎಷ್ಟು ವರ್ಷದ್ದು?" ಎಂದು ಗುಮಾಸ್ತರು ಕೇಳಿದರು.

"ಇಪ್ಪತ್ತು."

"ನಡತೆ?"

ಮಗಳು ಸ್ವಲ್ಪ ಯೋಚಿಸಿದಳು. "ಹಠ ಜಾಸ್ತಿ. ಉಳಿದದ್ದೆಲ್ಲ ಪರವಾಗಿಲ್ಲ."

ಗುಮಾಸ್ತರು 'ಉತ್ತಮ' ಎಂದು ಬರೆದುಕೊಂಡರು.

ಹದಿನೈದು ದಿನ ಪ್ರಚಾರ ನಡೆಯಿತು. ಇಬ್ಬರ ಕರಪತ್ರಗಳನ್ನೂ ಅಪ್ಪನೇ ತಿದ್ದಿಕೊಟ್ಟ. ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸಲಿಲ್ಲ. ಅಮ್ಮ ತರಗತಿಯಿಂದ ತರಗತಿಗೆ ಹೋಗಿ ಮತ ಕೇಳಿದಳು. ಹೋದಲ್ಲೆಲ್ಲ ಹುಡುಗರು ಯಾರೋ ಉಪನ್ಯಾಸಕರು ಬಂದರೆಂದು ಎದ್ದು ನಿಲ್ಲುತ್ತಿದ್ದರು. ಕೂರಿಸುವುದರಲ್ಲೇ ಅರ್ಧ ಸಮಯ ಹೋಗುತ್ತಿತ್ತು.

ಮಗಳು ನೂರ ಹನ್ನೆರಡು ಮತಗಳಿಂದ ಗೆದ್ದಳು. ಅಮ್ಮ ಎಲ್ಲರೆದುರು ಅವಳ ಕೈ ಕುಲುಕಿ, ಒಪ್ಪಂದದ ಪ್ರಕಾರ, "ಅಭಿನಂದನೆಗಳು ರೀ" ಅಂದಳು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಮನೆಗೆ ಬಂದವಳೇ ಒಂದು ಅಂಗಿಗೆ ಕಾಲರನ್ನು ತಿರುವುಮುರುವಾಗಿ ಹೊಲಿದಳು.

"ನಿಂಗೆ ಖುಷಿ ಆಗ್ಲಿಲ್ವೇನಮ್ಮ?"

"ಆಯ್ತು." ಯಂತ್ರ ನಿಂತಿತು. "ನಾನೇ ಗೆಲ್ತೀನಿ ಅಂದ್ಕೊಂಡಿದ್ದೆ ಕಣೇ."

ಮಗಳಿಗೆ ಇದು ಹೊಳೆದೇ ಇರಲಿಲ್ಲ. ಅಮ್ಮ ಹುಡುಗರ ಒತ್ತಾಯಕ್ಕೆ ನಿಂತಿದ್ದಾಳೆ ಎಂದೇ ಅವಳು ನಂಬಿದ್ದಳು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತು, ಕಾಲರಿನ ಹೊಲಿಗೆ ಬಿಚ್ಚತೊಡಗಿದಳು.

"ಹೋಗ್ಲಿ ಬಿಡಿ, ಸ್ಥಾನ ಮನೇಲೇ ಉಳೀತಲ್ಲ," ಅಂದ ಅಪ್ಪ.

ಇಬ್ಬರೂ ತಲೆಯೆತ್ತಿ ಅವನನ್ನು ನೋಡಿದರು. ಅವನು ಕರಡಿನತ್ತ ತಿರುಗಿದ.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕೇಳಿದಳು, "ಮುಂದಿನ ಚುನಾವಣೆ ಯಾವಾಗ?"

"ಬರೋ ವರ್ಷ. ಅಷ್ಟೊತ್ತಿಗೆ ನಾನು ಪಾಸಾಗಿ ಹೋಗಿರ್ತೀನಿ."

"ಅದಕ್ಕೇ ಕೇಳಿದ್ದು," ಅಂದಳು ಅಮ್ಮ.