ಬಾಂಬರ್ಗಿನ ಸೇತುವೆಯ ಮೇಲೆ ಹೌಕೆಯ ಪಾಠ

ಬೇರೆ ಯಾವ ಊರೂ ಸಿಗಲಿಲ್ಲವೇ ಈ ಪೆಟ್ಸೋಲ್ಟ್ ಮೇಡಮ್ಮಿಗೆ? ಉಗ್ಗುವ ಹೌಕೆಗೆ ಬಕಾರವೆಂದರೆ ಸಾವು. ತುಟಿಗೆ ತುಟಿ ಅಂಟಿ ಕೂತುಬಿಡುತ್ತದೆ. ಅಂಥವನನ್ನು ಶನಿವಾರ, ಭಾನುವಾರದ ಪ್ರವಾಸಕ್ಕೆಂದು ಕರೆತಂದದ್ದು ಬಾಂಬರ್ಗಿಗೆ. ಊರೂ ಬಕಾರ, ಅದನ್ನಾಳಿದ ಬಿಷಪ್ಪರೂ ಬಕಾರ, ಅಲ್ಲಿ ಕುಡಿಯುವ ಹೊಗೆವಾಸನೆಯ ಬಿಯರೂ ಬಕಾರ. ಹಣೆಬರಹ, ಇನ್ನೇನು.

ಬಂದವರು ಯೇನಾ ವಿಶ್ವವಿದ್ಯಾಲಯದ ಇತಿಹಾಸದ ವಿದ್ಯಾರ್ಥಿಗಳು, ಪೆಟ್ಸೋಲ್ಟ್ ಮೇಡಂ ಅವರ ಅಧ್ಯಾಪಕಿ. ಪ್ರವಾಸವೆಂದರೆ ಬರೀ ಸುತ್ತಾಟವಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಟ್ಟಡ, ಅದರ ಮುಂದೆಯೇ ನಿಂತು ಉಳಿದವರಿಗೆ ಪಾಠ ಹೇಳಬೇಕು. ಹಿಂದಿನ ಪ್ರವಾಸಗಳಲ್ಲೆಲ್ಲ ಹೌಕೆ ಹೇಳುವ ಬದಲು ಬರೆದುಕೊಟ್ಟು ತಪ್ಪಿಸಿಕೊಂಡಿದ್ದ. ಈ ಸಲ ತಾನೇ ಕೇಳಿ ಭಾನುವಾರದ ಕೊನೆಯ ಸರದಿ ಹಾಕಿಸಿಕೊಂಡಿದ್ದ. ಅವನಿಗೆ ಶಾಲೆಯ ಮೇಷ್ಟ್ರಾಗುವ ಆಸೆ. ಜೊತೆಯವರೆದುರೇ ಬಾಯಿ ಬಿಡಲಾಗದವನು ನಾಳೆ ಮಕ್ಕಳೆದುರು ಏನು ಕಡಿದು ಕಟ್ಟೆ ಹಾಕಿಯಾನು? ಇವತ್ತು ಆಗದಿದ್ದರೆ ಸೋಮವಾರವೇ ಹೋಗಿ ಶಿಕ್ಷಕರ ಓದು ಬಿಡುವುದೆಂದು ತೀರ್ಮಾನಿಸಿದ್ದ. ಇದು ಗೊತ್ತಿದ್ದದ್ದು ಗೆಳತಿ ರೋನ್ಯಾಗೆ ಮಾತ್ರ.

ಭಾನುವಾರ ಬೆಳಿಗ್ಗೆ, ಉಳಿದುಕೊಂಡಿದ್ದ ಹಾಸ್ಟೆಲಿನಲ್ಲಿ ಬ್ರೆಡ್ಡು, ಚೀಸು, ಬೆಂದ ಮೊಟ್ಟೆ. ಹೌಕೆ ಏನನ್ನೂ ಮುಟ್ಟದೆ ಪಾಠದ ಹಾಳೆಗಳನ್ನೇ ತಿರುವುತ್ತಿದ್ದ. ಅದನ್ನು ನೋಡಿದ ರೋನ್ಯಾ, ಹಾಳೆ ನನಗೆ ಕೊಡು, ನಾನೇ ಓದುತ್ತೇನೆ, ನೀನು ಪಕ್ಕದಲ್ಲಿ ನಿಂತಿದ್ದರೆ ಸಾಕು ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ಅವನಿಗೆ ಚುರುಕ್ಕೆಂದಿತು. ಬೇಡವೆಂದು ತಲೆಯಾಡಿಸಿದ.

ಅವನ ಪಾಲಿಗೆ ಬಂದದ್ದು ನದಿಯ ನಡುವೆ ನಿಂತಿರುವ ಹಳೆಯ ಪುರಭವನ. ಸೇತುವೆಯ ಮೇಲೆ ಎಲ್ಲರೂ ಕತ್ತಿಗೆ ಮಫ್ಲರ್ ಬಿಗಿದು ಅರ್ಧಚಂದ್ರವಾಗಿ ನಿಂತರು. ಮೊದಲ ಎರಡು ವಾಕ್ಯ ಸಲೀಸಾಗಿ ಹೋದವು. ಮೂರನೆಯದರಲ್ಲಿ ಬಿಷಪ್ ಎದುರಾದ. ಹೌಕೆಯ ತುಟಿ ಅಂಟಿತು. ಕೆಳಗೆ ನೀರು ಭೋರೆನ್ನುತ್ತಿತ್ತು. ಒಬ್ಬ ತನ್ನ ಬೂಟು ನೋಡಿಕೊಂಡ. ತಡೆಯಲಾರದೆ ರೋನ್ಯಾ ಆ ಪದವನ್ನು ತಾನೇ ಹೇಳಿಬಿಟ್ಟಳು. ಅಲ್ಲಿಂದ ಶುರುವಾಯಿತು ನೋಡಿ, ಅವನ ಮಾತು ಎಲ್ಲಿ ನಿಂತರೂ ನಾಲ್ಕು ಬಾಯಿ ಸಹಾಯಕ್ಕೆ ಬಂದವು, ಹಸುಗೂಸಿಗೆ ಅನ್ನ ತುರುಕಿದ ಹಾಗೆ. ಪಾಠ ಯಾರದೋ ಆಗಿಹೋಯಿತು. ಹೌಕೆಗೆ ರೇಗಿತು. ಹಾಳೆಗಳನ್ನು ಮಡಚಿ ಜೇಬಿಗೆ ತುರುಕಿದ.

"ಪದ ನನ್ನದು ಕಣ್ರೋ," ಅಂದ. "ಸಿಕ್ಕಾಕ್ಕೊಂಡ್ರೆ ಸಿಕ್ಕಾಕ್ಕೊಳ್ಲಿ. ಯಾರೂ ಹೇಳ್ಕೊಡ್ಬೇಡಿ. ಚಳಿ ಆದ್ರೆ ಅಲ್ಲೇ ಕುಣೀರಿ, ಆದ್ರೆ ಕಾಯಿರಿ."

ಕಾದರು. ಬಿಷಪ್ ಹೊರಬರುವಷ್ಟರಲ್ಲಿ ಸೈಕಲ್ಲಿನವನೊಬ್ಬ ಸೇತುವೆಯನ್ನೇ ದಾಟಿ ಹೋದ. ಆದರೆ ಬಿಷಪ್ ಬಂದ. ಊರವರಿಗೆ ಆ ಪುಣ್ಯಾತ್ಮ ಒಂದಂಗುಲ ನೆಲ ಕೊಡಲಿಲ್ಲವಂತೆ, ಅದಕ್ಕೇ ಅವರು ಹಟಕ್ಕೆ ಬಿದ್ದು ನೀರಿನಲ್ಲಿ ಕಂಬ ಹೊಡೆದು ಪುರಭವನ ಕಟ್ಟಿಕೊಂಡರಂತೆ ಎಂದು ಹೌಕೆ ಹೇಳಿದ. ಗೋಡೆಯ ಚಿತ್ರದಲ್ಲಿದ್ದ ಪುಟ್ಟ ದೇವದೂತನನ್ನು ತೋರಿಸಿದ. ಮೈಯೆಲ್ಲ ಬರೀ ಬಣ್ಣದಲ್ಲಿ ಬರೆದದ್ದು, ಒಂದು ಕಾಲು ಮಾತ್ರ ನಿಜವಾಗಿಯೂ ಗೋಡೆಯಿಂದಾಚೆ ಚಾಚಿತ್ತು. ಎಲ್ಲರೂ ನಕ್ಕರು. ಕಾಲನ್ನು ನೋಡಿ ನಕ್ಕದ್ದು, ತನ್ನನ್ನಲ್ಲ. ಆ ವ್ಯತ್ಯಾಸ ಹೌಕೆಗೆ ಚೆನ್ನಾಗಿ ಗೊತ್ತಿತ್ತು.

ಮುಗಿದಾಗ ಬೇರೆಯವರಿಗಿಂತ ಎರಡು ಪಟ್ಟು ಹೊತ್ತಾಗಿತ್ತು. ಇವರ ತರಗತಿಗಳಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಮೇಜಿನ ಮೇಲೆ ಗೆಣ್ಣಿನಿಂದ ಟಕಟಕ ಬಡಿಯುತ್ತಾರೆ. ಸೇತುವೆಯ ಮೇಲೆ ಮೇಜೆಲ್ಲಿ ಬರಬೇಕು? ಎಲ್ಲರೂ ಕೈಗವಸು ಕಳಚಿ ಕಲ್ಲಿನ ತಡೆಗೋಡೆಯನ್ನೇ ಬಡಿದರು. ಹೌಕೆಗೆ ಸಂತೋಷವಾಗಬೇಕಿತ್ತು. ಇದೂ ಕನಿಕರವೇ ಏನೋ ಎಂಬ ಅನುಮಾನ ಬಂದು ಮುಖ ಬಾಡಿತು.

ಆಗ ಯಾನ್ನಿಕ್ ಮುಂದೆ ಬಂದ. ಎರಡು ದಿನದಿಂದ ಪ್ರತಿಯೊಬ್ಬರಿಗೂ ಕೊಕ್ಕೆ ಪ್ರಶ್ನೆ ಹಾಕಿ ಬೆವರಿಳಿಸಿದ್ದ ಆಸಾಮಿ ಅವನು. ಹೌಕೆಗೆ ಮಾತ್ರ ಯಾವ ತರಗತಿಯಲ್ಲೂ ಯಾರೂ ಪ್ರಶ್ನೆ ಕೇಳಿದ್ದಿಲ್ಲ. ಪಾಪದವನನ್ನು ಯಾಕೆ ಇನ್ನಷ್ಟು ಮಾತಾಡಿಸುವುದು ಅಂತ.

"ಅಲ್ಲ ಮಾರಾಯ, ಇದು ಬರೀ ಕಟ್ಟುಕತೆ ಅಂತೀನಿ ನಾನು," ಎಂದ ಯಾನ್ನಿಕ್. "ಆಧಾರ ಏನಿಟ್ಕೊಂಡಿದೀಯ? ಸುಮ್ನೆ ಬಿಡೋನಲ್ಲ ನಾನು."

ರೋನ್ಯಾ ಅವನನ್ನು ಮೊಣಕೈಯಿಂದ ತಿವಿದಳು. ರೈಲಿಗೆ ಹೊತ್ತಾಯಿತು, ಇರಲಿ ಬಿಡಿ ಎಂದರು ಮೇಡಂ. ಹೌಕೆಗೆ ಕಣ್ಣು ತುಂಬಿ ಬಂತು, ಖುಷಿಗೆ. ಮುಂದಿನ ರೈಲಿಗೆ ಹೋಗೋಣ ಮೇಡಂ ಎಂದು ಕೇಳಿಕೊಂಡ. ಮೇಡಂ ಹೂಂ ಅಂದ ಮೇಲೆ ಯಾನ್ನಿಕ್‌ನತ್ತ ತಿರುಗಿದ.

"ಒಳ್ಳೇ ಪ್ರಶ್ನೆ," ಅಂದ. "ಕೂತ್ಕೋ, ಹೇಳ್ತೀನಿ."

ಯಾನ್ನಿಕ್ ತನ್ನ ಚೀಲವನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತ. ಹೌಕೆ ಬಾಯಿ ತೆರೆದ. ಮೊದಲ ಪದವೇ ಬಕಾರದ್ದು, ಅಂಟಿಕೊಂಡಿತು. ಯಾರೂ ಅದನ್ನು ಹೇಳಿಕೊಡಲಿಲ್ಲ.